ಸುತ್ತಿದ ಪತ್ರಿಕೆಯೂ ತಗ್ಗಿದ ತಲೆಯೂ

ಸಿಂಧನೂರಿನ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮಗ ಲ್ಯಾಬ್ರಡಾರ್ ಮರಿ ತಂದಿದ್ದಾನೆ. ಈಗ ಐದು ತಿಂಗಳು. ಸೊಸೆ ಅದನ್ನು ಮಂಚದ ಮೇಲೆ ಮಲಗಿಸುತ್ತಾಳೆ, ತನ್ನ ತಟ್ಟೆಯಿಂದಲೇ ತುತ್ತು ಕೊಡುತ್ತಾಳೆ. ಮಾಸ್ತರರದು ಬೇರೆ ದಾರಿ. ಮರಿ ತಪ್ಪು ಮಾಡಿದರೆ ಕಾಗದದ ಸುರುಳಿಯಿಂದ ಎರಡು ಬಿಡುತ್ತಾರೆ. "ಮೊನ್ನೆ ನನ್ನ ಹೊಸ ಚಪ್ಪಲಿ ಕಡಿದಿತ್ತು. ಸಂಜೆ ಬಂದು ಚಪ್ಪಲಿ ಮುಂದೆ ಹಿಡಿದೆ. ತಲೆ ತಗ್ಗಿಸಿ ಮೂಲೆ ಸೇರಿತು. ತಪ್ಪು ಅಂತ ಅದಕ್ಕೂ ಗೊತ್ತು, ಸೊಸೆಗೆ ಮಾತ್ರ ಗೊತ್ತಿಲ್ಲ. ನಾಯಿಗೆ ಸಲಿಗೆ ಕೊಟ್ಟರೆ ಮೂತಿ ನೆಕ್ಕುತ್ತದೆ ಅಂತ ಹಿರಿಯರು ಸುಮ್ನೆ ಹೇಳಿದರೇ? ಯಾರು ಸರಿ, ನೀವೇ ಹೇಳಿ" ಎಂದು ಕೇಳಿದ್ದಾರೆ. ಆ ಸುರುಳಿ ಯಾವ ಕಾಗದದ್ದು ಎಂಬುದು ಕೊನೆಯ ಪುಟದಲ್ಲಿದೆ. ನಮ್ಮದೇ ಪತ್ರಿಕೆಯ ಹಳೆಯ ಸಂಚಿಕೆ.

ಮಾಸ್ತರರೇ, ನಮ್ಮ ಪತ್ರಿಕೆ ಯಾವುದಕ್ಕಾದರೂ ಉಪಯೋಗಕ್ಕೆ ಬರುತ್ತಿದೆಯಲ್ಲ ಎಂದು ಒಂದು ಗಳಿಗೆ ಸಂತೋಷವಾಯಿತು. ಆಮೇಲೆ ಬೇಜಾರಾಯಿತು.

ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. ನಾಯಿಗೆ ನಡತೆ ಕಲಿಸಬೇಕು, ನಿಜ. ಬೀದಿಯಲ್ಲಿ ಮಕ್ಕಳ ಮೈಮೇಲೆ ಎರಗುವ ನಾಯಿಯನ್ನು "ಏನೂ ಮಾಡಲ್ಲ ಬಿಡ್ರಿ" ಎಂದು ನಗುತ್ತಾ ನೋಡುವವರನ್ನು ಕಂಡರೆ ನನಗೂ ಸಿಟ್ಟು. ನಿಮ್ಮ ಸೊಸೆಗೂ ಒಂದು ಮಾತು. ತಾಯಿ, ಮುಂಜಾನೆಯ ಮಂಡಕ್ಕಿ ಒಗ್ಗರಣೆಯಲ್ಲಿ ನಾಯಿಗೆ ಪಾಲು ಇಡಬೇಡಿ. ಅದರಲ್ಲಿರುವ ಉಳ್ಳಾಗಡ್ಡಿ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತದೆ. ಬೆಳ್ಳುಳ್ಳಿಯೂ ಅಷ್ಟೇ. ಮುದ್ದು ಜಾಸ್ತಿಯಾದರೆ ತೊಂದರೆಯಿಲ್ಲ, ಮಿರ್ಚಿ ಜಾಸ್ತಿಯಾದರೆ ತೊಂದರೆ.

ನಿಮ್ಮ ಪಾಲು ಮುಗಿಯಿತು. ಇನ್ನು ಆ ತಗ್ಗಿದ ತಲೆಯ ವಿಷಯಕ್ಕೆ ಬರೋಣ.

ನ್ಯೂಯಾರ್ಕಿನಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ವಿಜ್ಞಾನಿ ಇದ್ದಾರೆ. 2009ರಲ್ಲಿ ಅವರ ಒಂದು ಪರೀಕ್ಷೆ ಪ್ರಕಟವಾಯಿತು. 14 ನಾಯಿಗಳು. ಒಡೆಯರು ತಿನಿಸು ತೋರಿಸಿ "ತಿನ್ನಬೇಡ" ಎಂದು ಹೇಳಿ ಹೊರಗೆ ಹೋಗಬೇಕು. ಒಳಗೆ ನಾಯಿ ಕೆಲವು ಸಲ ತಿನ್ನುತ್ತಿತ್ತು, ಕೆಲವು ಸಲ ಇಲ್ಲ. ಆದರೆ ಪರೀಕ್ಷೆ ನಡೆಸುವವರು ಒಡೆಯರಿಗೆ ಪ್ರತಿ ಸಲವೂ ನಿಜ ಹೇಳುತ್ತಿರಲಿಲ್ಲ. ತಿನ್ನದ ನಾಯಿಯನ್ನೂ "ತಿಂದಿದೆ" ಎಂದು ದೂರುತ್ತಿದ್ದರು. ಒಡೆಯರು ಬೈಯುತ್ತಿದ್ದರು. ತಲೆ ತಗ್ಗಿಸಿದ್ದು ಯಾವ ನಾಯಿ? ತಿಂದದ್ದಲ್ಲ, ಬೈಸಿಕೊಂಡದ್ದು. ಅದರಲ್ಲೂ ಏನೂ ತಿನ್ನದೆ ಬೈಸಿಕೊಂಡ ನಾಯಿಯ ತಲೆಯೇ ಎಲ್ಲಕ್ಕಿಂತ ಜಾಸ್ತಿ ತಗ್ಗಿತ್ತು.

ಇದನ್ನು ಓದಿದಾಗ ನನಗೆ ನನ್ನ ನಾಲ್ಕನೇ ಕ್ಲಾಸು ನೆನಪಾಯಿತು. ಯಾರೋ ಮೇಜಿನ ಮೇಲಿನ ಮಸಿ ಚೆಲ್ಲಿದ್ದರು. ಮಾಸ್ತರರು ಬೆತ್ತ ಹಿಡಿದು ಸಾಲಿನ ಉದ್ದಕ್ಕೂ ಬಂದರು. ಉಳಿದವರು ನೇರ ನೋಡಿದರು, ನಾನು ತಲೆ ತಗ್ಗಿಸಿದೆ. "ನೋಡು, ಮಾರಿಯೇ ಹೇಳುತ್ತದೆ" ಎಂದು ಆರು ಏಟು ಬಿದ್ದವು. ಚೆಲ್ಲಿದವನು ನನ್ನ ಪಕ್ಕದಲ್ಲೇ ಕೂತಿದ್ದ. ಅವನ ಕಣ್ಣು ರೆಪ್ಪೆ ಹೊಡೆಯಲಿಲ್ಲ.

ಹಾಗಾಗಿ ನಿಮ್ಮ ಮರಿಯ ಪರ ನಾನು ವಕಾಲತ್ತು ವಹಿಸಿದ್ದೇನೆ. ಅದು ಚಪ್ಪಲಿ ಕಡಿದದ್ದು ಮಧ್ಯಾಹ್ನ, ಏಟು ಬಿದ್ದದ್ದು ಸಂಜೆ. ಮಾಡಿದ ಕೆಲಸದ ಬೆನ್ನಿಗೇ, ಒಂದೆರಡು ಸೆಕೆಂಡಿನೊಳಗೆ ಸಿಕ್ಕದ್ದನ್ನಷ್ಟೇ ನಾಯಿ ಆ ಕೆಲಸಕ್ಕೆ ಗಂಟು ಹಾಕುತ್ತದೆ. ಸಂಜೆಯ ಏಟಿನಿಂದ ಅದು ಕಲಿತ ಪಾಠ ಒಂದೇ: ಅಜ್ಜ ಮನೆಗೆ ಬಂದರೆ ಪೆಟ್ಟು. ಐದು ತಿಂಗಳಿಗೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವ ಕಾಲ, ವಸಡು ನವೆಯಾಗುತ್ತದೆ. ಕಡಿಯಲು ದಪ್ಪ ಹಗ್ಗದ ಗಂಟು ಕೊಡಿ. ಅದನ್ನು ಕಡಿದಾಗ "ಶಾಣ್ಯಾ" ಎಂದು ತಲೆ ಸವರಿ. ಚಪ್ಪಲಿಯನ್ನು ಮೇಲೆ ಇಡಿ. ಮೂವತ್ತು ವರ್ಷ ಮಕ್ಕಳ ಕೈಗೆ ಸಿಗದಂತೆ ಸೀಮೆಸುಣ್ಣ ಇಟ್ಟವರಿಗೆ ಇದು ಕಷ್ಟವೇ?

"ಒಡೆಯ ಯಾರು ಅಂತ ನಾಯಿಗೆ ತೋರಿಸಬೇಕು, ಗುಂಪಿನ ತೋಳದ ಹಾಗೆ" ಎಂದು ಯೂಟ್ಯೂಬಿನಲ್ಲಿ ನೋಡಿದ್ದಾಗಿಯೂ ಬರೆದಿದ್ದೀರಿ. ಆ ಕಥೆ ಹಳೆಯದು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬುವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ, ಒಂದು ಇನ್ನೊಂದನ್ನು ತುಳಿದೇ ಮೇಲೇರುತ್ತದೆ ಎಂಬಂತೆ ಬರೆದರು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಆ ಮಾತನ್ನು ಲೋಕಕ್ಕೆಲ್ಲ ಹಬ್ಬಿಸಿದರು. ಅದೇ ಮೆಕ್ ಮುಂದೆ ಕೆನಡಾದ ಹಿಮದಲ್ಲಿ ಕಾಡುತೋಳಗಳ ಬೆನ್ನಿಗೆ ವರ್ಷಗಟ್ಟಲೆ ಕೂತರು. ಗುಂಪು ಎಂದರೆ ಅಪ್ಪ, ಅವ್ವ, ಅವರ ಮಕ್ಕಳು, ಅಷ್ಟೇ ಎಂದು ಕಂಡಿತು. 1999ರಲ್ಲಿ ತಮ್ಮ ಹಳೆಯ ಮಾತು ಸರಿಯಿಲ್ಲ ಎಂದು ತಾವೇ ಬರೆದರು. ತಪ್ಪು ಒಪ್ಪಿಕೊಂಡರೂ ತಲೆ ತಗ್ಗಿಸದ ಮನುಷ್ಯ ಎಂದು ನನಗೆ ಅವರ ಮೇಲೆ ಪ್ರೀತಿ.

ಇದಕ್ಕೆಲ್ಲ ಕೆನಡಾಕ್ಕೇ ಹೋಗಬೇಕಿಲ್ಲ ಬಿಡಿ. ನಮ್ಮ ಗಂಗಾವತಿ ತಾಲ್ಲೂಕಿನ ಬಂಕಾಪುರದ ಕುರುಚಲು ಕಾಡಿನಲ್ಲೇ ತೋಳಗಳಿವೆ. ಆ ಕಡೆ ಕುರಿ ಮೇಯಿಸುವವರೊಬ್ಬರ ಜೊತೆ ಒಂದು ಸಂಜೆ ಕೂತಿದ್ದೆ. ಹಟ್ಟಿಯ ಸುತ್ತ ಮೂರು ನಾಯಿ. ಒಂದಂತೂ ಕುರಿಮರಿಗಳ ನಡುವೆಯೇ ಮುದುರಿ ಮಲಗಿತ್ತು. "ಇವಕ್ಕೆ ಹೊಡೆದು ಕಲಿಸ್ತೀರೇನು?" ಎಂದು ಕೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಗಲು ಹೊಡದ್ರ ರಾತ್ರಿ ಯಾರು ಕಾಯ್ತಾರ್ರೀ?" ಎಂದರು. ತಾವು ಮುರಿದ ರೊಟ್ಟಿಯಲ್ಲಿ ಮೊದಲ ತುಂಡು ನಾಯಿಗೆ ಹೋಯಿತು, ಎರಡನೆಯದು ನನಗೆ.

ಹಿರಿಯರ ಗಾದೆ ಎಂದಿರಿ. ಅದೇ ಹಿರಿಯರು ಮೈಲಾರಲಿಂಗನ ಜಾತ್ರೆಗೆ ಹೋಗಿ ಏನು ಮಾಡುತ್ತಿದ್ದರು? ಕರಿ ಕಂಬಳಿ ತೊಟ್ಟ ಗೊರವಯ್ಯ ದೇವರ ನಾಯಿಯಾಗಿ ಬೊಗಳುತ್ತಾನೆ, ದೋಣಿಯೆಂಬ ಪಾತ್ರೆಯಲ್ಲಿ ಇಟ್ಟ ಹಾಲು ಬಾಳೆಹಣ್ಣಿಗೆ ಬಾಯಿ ಹಾಕುತ್ತಾನೆ. ಜನ ಅವನಿಗೆ ಕೈಮುಗಿಯುತ್ತಾರೆ. ನಾಯಿಗೆ ಇಷ್ಟು ದೊಡ್ಡ ಜಾಗ ಕೊಟ್ಟ ಸೀಮೆಯವರು ನಾವು, ಗಾದೆ ಮಾತ್ರ ನೆನಪಿಟ್ಟಿದ್ದೇವೆ.

ನನ್ನ ತಕರಾರು ನಾಯಿಯ ಹತ್ತಿರವೇ ನಿಲ್ಲುವುದಿಲ್ಲ. ನಮ್ಮ ಕಡೆ ಅಂಜಿಕೆಗೆ ಮರ್ಯಾದೆ ಎಂದು ಹೆಸರಿಟ್ಟುಬಿಟ್ಟಿದ್ದೇವೆ. ಮಗ ಅಪ್ಪನ ಮುಂದೆ ಕೂರದಿದ್ದರೆ ಮರ್ಯಾದೆಯಂತೆ. ಕಾಲುವೆಯ ಕೊನೆಗೆ ನೀರು ಬರಲಿಲ್ಲವೆಂದು ಹೇಳಲು ಬಂದ ರೈತ ಸಾಹೇಬರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈಕಟ್ಟಿ ನಿಂತರೆ ಅದೂ ಮರ್ಯಾದೆ. ಹೇಳಬೇಕಾದ ಮಾತು ಅರ್ಧ ಗಂಟಲಲ್ಲೇ ಉಳಿಯುತ್ತದೆ. ಸಾಹೇಬರು ಜನ ಒಳ್ಳೆಯವರು ಎಂದುಕೊಂಡು ಚಹಾ ತರಿಸುತ್ತಾರೆ. ಮಕ್ಕಳನ್ನು ಹೊಡೆಯಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿ ಎಷ್ಟು ವರ್ಷವಾಯಿತು, ಇಂದಿಗೂ "ಎರಡು ಬಿಡ್ರಿ ಸರ್, ನಮ್ಮ ಹುಡುಗ ಅಂಜಬೇಕು" ಎಂದು ಶಾಲೆಗೆ ಬಂದು ಹೇಳುವ ತಂದೆಯರಿದ್ದಾರೆ. ನೀವೂ ಅಂಥವರನ್ನು ಕಂಡಿರುತ್ತೀರಿ, ಅಲ್ವಾ?

ನಾಯಿಗೂ ಕಾನೂನಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಸುಮ್ಮಸುಮ್ಮನೆ ಹೊಡೆಯುವುದು, ಸದಾ ಸರಪಳಿ ಬಿಗಿದು ಅಡ್ಡಾಡಿಸದೆ ಇಡುವುದು ಎರಡೂ ತಪ್ಪು. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ ಎಂದು ಅದರಲ್ಲಿ ಬರೆದಿದೆ. ನಿಮ್ಮ ಬಸ್‌ಸ್ಟ್ಯಾಂಡಿನ ಮುಂದೆ ಒಂದು ಪ್ಲೇಟ್ ಮಿರ್ಚಿಗೆ ಎಷ್ಟಿದೆ ನೋಡಿಕೊಂಡು ಬನ್ನಿ.

ಮಂಚದ ವಿಷಯ ಉಳಿಯಿತು. ಅದಕ್ಕೆ ತೀರ್ಪು ಬೇಕಿಲ್ಲ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಲ್ಯಾಬ್ರಡಾರ್‌ಗೆ ತುಪ್ಪಳ ಬೇರೆ ದಪ್ಪ. ಏಪ್ರಿಲ್ ಬರಲಿ, ಅದು ತಾನಾಗಿಯೇ ಮಂಚ ಇಳಿದು ಬಚ್ಚಲಿನ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತದೆ. ಆಗ ನಿಮ್ಮ ಮಾತು ಗೆದ್ದಿತೆಂದು ಸೊಸೆಗೆ ಹೇಳಿಕೊಳ್ಳಿ, ನನ್ನ ಅಭ್ಯಂತರವಿಲ್ಲ.

ಇಲ್ಲಿಯವರೆಗೆ ಚಂದಾದಾರರ ಪ್ರತಿಗಳನ್ನು ಸುರುಳಿ ಸುತ್ತಿ ಅಂಚೆಗೆ ಹಾಕುತ್ತಿದ್ದೆವು. ಮುಂದಿನ ತಿಂಗಳಿಂದ ನಿಮ್ಮದೊಂದನ್ನು ದೊಡ್ಡ ಲಕೋಟೆಯಲ್ಲಿ, ಹಿಂದೆ ರಟ್ಟು ಇಟ್ಟು ಕಳಿಸಲು ನಮ್ಮ ಹುಡುಗನಿಗೆ ಹೇಳಿದ್ದೇನೆ.

— ಸಂಪಾದಕ