ಹೊಡೆದುಹಾಕಿದ ಒಂದು ಸಾಲು

ಕ್ರಿಸ್ತನಲ್ಲಿ ಪ್ರಿಯ ಸಹೋದರರೇ,

ನಿಮ್ಮ ನಾಲ್ಕು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ನೀವು ಕೋರಿದಂತೆ ಹೆಸರನ್ನು ಪ್ರಕಟಿಸುತ್ತಿಲ್ಲ. ದೇವರು ನಿಮ್ಮನ್ನು ವಾಕ್ಯಸೇವೆಗೆ, ಅಂದರೆ ದೇವರ ವಾಕ್ಯವನ್ನು ಬೋಧಿಸುವ ಸೇವೆಗೆ, ಕರೆಯುತ್ತಿದ್ದಾನೆಂಬ ಅರಿವು ಎಂಟು ವರ್ಷಗಳಿಂದ ನಿಮ್ಮನ್ನು ಬಿಟ್ಟಿಲ್ಲವೆಂದೂ, ಆದರೆ ನಾಲ್ಕು ಜನರ ಮುಂದೆ ನಿಂತರೆ ಮಾತು ತಡವರಿಸುತ್ತದೆ, ವಯಸ್ಸು ನಲವತ್ತೊಂದಾಯಿತು, ದೇವಜ್ಞಾನವನ್ನು ಕಾಲೇಜಿನಲ್ಲಿ ಓದಿಲ್ಲ, ಹಾಸಿಗೆ ಹಿಡಿದ ತಾಯಿಯೂ ಓದುವ ಇಬ್ಬರು ಮಕ್ಕಳೂ ನಿಮ್ಮ ಸಂಬಳವನ್ನೇ ನಂಬಿದ್ದಾರೆ ಎಂದೂ ಬರೆದಿದ್ದೀರಿ. “ಇವು ನಿಜವಾದ ಕಾರಣಗಳೋ, ಕುಂಟುನೆಪಗಳೋ, ನೀವೇ ಹೇಳಿ” ಎಂದು ಕೇಳಿದ್ದೀರಿ. ಮನುಷ್ಯನ ಮನಸ್ಸನ್ನು ಅಂಚೆಯ ಮೂಲಕ ತೂಗಿ ಹೇಳುವ ತಕ್ಕಡಿ ನನ್ನ ಬಳಿ ಇಲ್ಲ. ಆದರೂ ನಿಮ್ಮ ಪತ್ರ ಓದುತ್ತಿದ್ದಂತೆ ಬೈಬಲಿನ ವಿಮೋಚನಕಾಂಡದ 3 ಮತ್ತು 4ನೆಯ ಅಧ್ಯಾಯಗಳು ಮತ್ತೆ ಮತ್ತೆ ನೆನಪಿಗೆ ಬಂದವು.

ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದ ಇಸ್ರಾಯೇಲ್ಯರನ್ನು ಬಿಡಿಸಲು ಅಲ್ಲಿನ ಅರಸ ಫರೋಹನ ಬಳಿಗೆ ಹೋಗೆಂದು ದೇವರು ಉರಿಯುವ ಪೊದೆಯೊಳಗಿಂದ ಕರೆದಾಗ, ಮೋಶೆ ಐದು ಸಲ ಮಾತು ತೆಗೆಯುತ್ತಾನೆ. ಫರೋಹನ ಬಳಿಗೆ ಹೋಗಲು ನಾನು ಎಷ್ಟರವನು ಎಂಬುದು ಮೊದಲನೆಯದು. ಕಳುಹಿಸಿದವನ ಹೆಸರೇನೆಂದು ಜನ ಕೇಳಿದರೆ ಏನು ಹೇಳಲಿ ಎಂಬುದು ಎರಡನೆಯದು, ಅವರು ನನ್ನನ್ನು ನಂಬದಿದ್ದರೆ ಎಂಬುದು ಮೂರನೆಯದು, ನನ್ನ ನಾಲಿಗೆ ಮಂದ ಎಂಬುದು ನಾಲ್ಕನೆಯದು. ಈ ನಾಲ್ಕಕ್ಕೂ ದೇವರು ಒಂದೊಂದಾಗಿ ಉತ್ತರ ಕೊಡುತ್ತಾನೆ. ಜೊತೆಗಿರುವೆನೆಂದು ಮಾತು ಕೊಡುತ್ತಾನೆ, ತನ್ನ ಹೆಸರನ್ನು ತಿಳಿಸುತ್ತಾನೆ, ಕೈಯಲ್ಲಿದ್ದ ಕೋಲನ್ನೇ ಗುರುತಾಗಿ ಮಾಡಿಕೊಡುತ್ತಾನೆ, ಬಾಯನ್ನು ಉಂಟುಮಾಡಿದವನು ಯಾರೆಂದು ನೆನಪಿಸುತ್ತಾನೆ. ಅಷ್ಟು ಹೊತ್ತೂ ಆತನಿಗೆ ಕೋಪ ಬಂದ ಸುಳಿವಿಲ್ಲ. ಕೋಪ ಬರುವುದು ಐದನೆಯ ಸಲ, ಬೇರೆ ಯಾರನ್ನಾದರೂ ಕಳುಹಿಸು ಎಂದು ಮೋಶೆ ಬೇಡಿಕೊಂಡಾಗ. ಆ ಮಾತಿನಲ್ಲಿ ಕಾರಣವೇ ಇರಲಿಲ್ಲ. ಕಾರಣಗಳೆಲ್ಲ ತೀರಿಹೋಗಿ ಬರಿಯ ಒಲ್ಲೆನೆಂಬುದಷ್ಟೇ ಉಳಿದಿತ್ತು. ಆ ಕೋಪದಲ್ಲಿಯೂ ಮಾತು ಬಲ್ಲ ಅಣ್ಣ ಆರೋನನನ್ನು ಜೊತೆಗೆ ಕೊಟ್ಟನೆಂಬುದನ್ನು ನಾವು ಓದುವಾಗ ಸಾಮಾನ್ಯವಾಗಿ ದಾಟಿ ಹೋಗಿಬಿಡುತ್ತೇವೆ.

ಆದ್ದರಿಂದ ಕಾರಣ ಹೇಳುವುದೇ ಅವಿಶ್ವಾಸವೆಂದು ಬೋಧಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ನಿಜವಾದ ಕಾರಣವೂ ನೆಪವೂ ಒಂದೇ ಮಾತಿನಲ್ಲಿ ಬರಬಹುದು. ಉತ್ತರ ಸಿಕ್ಕಿದ ಮೇಲೆ ಏನಾಗುತ್ತದೆಂಬುದರಲ್ಲಿ ವ್ಯತ್ಯಾಸ ಕಾಣುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಒಂದೊಂದರ ಎದುರಿಗೂ, ಇದು ಇಂದೇ ನಿವಾರಣೆಯಾದರೆ ನಾಳೆ ಹೆಜ್ಜೆ ಇಡುವೆನೇ ಎಂದು ಬರೆದು ನೋಡಿ. ಹೌದೆಂದು ಮನಸ್ಸು ಹೇಳಿದರೆ ಅದು ಕಾರಣ. ಅದರ ಜಾಗಕ್ಕೆ ಇನ್ನೊಂದು ಬಂದು ಕುಳಿತರೆ ಅದು ಪಿಳ್ಳೆನೆವ.

ವಯಸ್ಸಿನ ಮಾತನ್ನು ಬೇಗ ಮುಗಿಸಬಹುದು. ಫರೋಹನ ಮುಂದೆ ನಿಂತಾಗ ಮೋಶೆಗೆ 80, ಆರೋನನಿಗೆ 83. ನಲವತ್ತೊಂದರವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಓದಿನ ವಿಷಯ ಹಾಗಲ್ಲ, ಅದು ಗೌರವಿಸಬೇಕಾದ ಅಳುಕು. ಕ್ರಿ.ಶ. 391ರಲ್ಲಿ ಉತ್ತರ ಆಫ್ರಿಕದ ಹಿಪ್ಪೋ ನಗರದ ಸಭೆಯವರು, ಮುಂದೆ ದೊಡ್ಡ ದೇವಜ್ಞಾನಿಯೆನಿಸಿದ ಅಗಸ್ಟೀನನನ್ನು ಹಿಡಿದು ನಿಲ್ಲಿಸಿ ಗುರುವಾಗಿ ಅಭಿಷೇಕಿಸಿದಾಗ ಅವನು ಅತ್ತನು. ಆಮೇಲೆ ತನ್ನ ಬಿಷಪ್ ವಲೇರಿಯಸ್‌ಗೆ ಪತ್ರ ಬರೆದು, ದೇವರ ವಾಕ್ಯವನ್ನು ಅಭ್ಯಾಸ ಮಾಡಲು ಈಸ್ಟರ್‌ವರೆಗೆ ಬಿಡುವು ಕೇಳಿಕೊಂಡನು. ಅವನು ಕೇಳಿದ್ದು ಬಿಡುವನ್ನು, ಬಿಡುಗಡೆಯನ್ನಲ್ಲ, ಮತ್ತು ಅದಕ್ಕೊಂದು ಗಡುವಿತ್ತು. ನನ್ನದೇ ಅನುಭವ ಹೇಳುವುದಾದರೆ, ಇನ್ನಷ್ಟು ಓದಿಕೊಂಡು ಬರುತ್ತೇನೆ ಎನ್ನುತ್ತಾ ಮೂರು ವರ್ಷ ಪುಸ್ತಕ ಕೊಂಡುಕೊಂಡೆ. ಕಪಾಟು ತುಂಬಿತು, ನಾನು ಇದ್ದಲ್ಲೇ ಇದ್ದೆ. ಗಡುವಿಲ್ಲದ ಸಿದ್ಧತೆಯನ್ನು ಅಂದಿನಿಂದ ನಾನು ನಂಬುವುದಿಲ್ಲ. ಓದಬೇಕೆನಿಸಿದರೆ ಅಂಚೆ ಶಿಕ್ಷಣದ ಮೂಲಕವಾದರೂ ಸೇರಿ, ಮುಗಿಸುವ ತಿಂಗಳನ್ನು ಈಗಲೇ ಬರೆದಿಡಿ.

ತಾಯಿಯ ಮತ್ತು ಮಕ್ಕಳ ವಿಷಯವನ್ನು ನಾನು ನೆಪವೆಂದು ಕರೆಯಲಾರೆ. ಸ್ವಂತ ಮನೆಯವರನ್ನು ಸಂರಕ್ಷಿಸದವನು ನಂಬಿಕೆಯನ್ನು ತಿರಸ್ಕರಿಸಿದವನು ಎಂದು ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದಿದ್ದಾನೆ. ತಂದೆತಾಯಿಗಳಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲೆಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಯೇಸುವೇ ಗದರಿಸಿದ್ದಾನೆ. ಆದರೆ ನಿಮ್ಮ ಪತ್ರದಲ್ಲಿ ಸದ್ದಿಲ್ಲದೆ ನುಸುಳಿರುವ ಒಂದು ಊಹೆ ಇದೆ: ಸೇವೆಯೆಂದರೆ ಕೆಲಸ ಬಿಡುವುದು ಎಂಬುದು. ಕರೆ ಬಂದದ್ದು ವಾಕ್ಯಸೇವೆಗೆ ಎಂದು ಬರೆದಿದ್ದೀರಿ. ರಾಜೀನಾಮೆಗೆ ಕರೆ ಬಂದಿತೆಂದು ಎಲ್ಲಿಯೂ ಬರೆದಿಲ್ಲ. ಕೊರಿಂಥದಲ್ಲಿ ಪೌಲನು ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಜೊತೆ ಗುಡಾರ ಮಾಡುವ ಕಸುಬು ಮಾಡಿಕೊಂಡೇ ಸಬ್ಬತ್ತಿನಂದು (ಯೆಹೂದ್ಯರ ವಿಶ್ರಾಂತಿ ದಿನದಂದು) ಸಭಾಮಂದಿರದಲ್ಲಿ ಚರ್ಚಿಸುತ್ತಿದ್ದನು. ಪೂರ್ಣಾವಧಿಯ ಸೇವೆಯೊಂದೇ ಸೇವೆಯೆಂದು ತಿಳಿದು, ಅದು ಸದ್ಯಕ್ಕೆ ಅಸಾಧ್ಯವಾದ್ದರಿಂದ ಏನೂ ಮಾಡದೆ ಕುಳಿತಿರುವವರನ್ನು ನಾನು ಸಭೆಗಳಲ್ಲಿ ಸಾಕಷ್ಟು ಕಂಡಿದ್ದೇನೆ.

ಇನ್ನು ನೀವು ಕೇಳದಿರುವ ಒಂದು ಸಂಗತಿ. ಮೋಶೆ ಹೇಳಿದ ಐದು ಮಾತುಗಳಲ್ಲಿ ಅವನ ಬದುಕಿನ ಅತಿ ದೊಡ್ಡ ಭಯ ಸೇರಿಲ್ಲ. ಅವನು ಐಗುಪ್ತ್ಯನೊಬ್ಬನನ್ನು ಕೊಂದು ಓಡಿಬಂದವನು. ಅವನ ಪ್ರಾಣ ತೆಗೆಯಲು ಹುಡುಕುತ್ತಿದ್ದವರು ಅಲ್ಲಿದ್ದರು. ಅದನ್ನು ಅವನು ಬಾಯಿ ಬಿಟ್ಟು ಹೇಳಲೇ ಇಲ್ಲ. ಆದರೆ 4ನೆಯ ಅಧ್ಯಾಯದ 19ನೆಯ ವಚನದಲ್ಲಿ, ಹೊರಡುವ ಹೊತ್ತಿಗೆ, ನಿನ್ನ ಪ್ರಾಣ ತೆಗೆಯಬೇಕೆಂದಿದ್ದವರೆಲ್ಲರೂ ಸತ್ತುಹೋದರು ಎಂದು ದೇವರೇ ತಿಳಿಸುತ್ತಾನೆ. ಕೇಳದ ಪ್ರಶ್ನೆಗೂ ಉತ್ತರ ಬಂದಿತು.

ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಹೊಡೆದುಹಾಕಿದ ಒಂದು ಸಾಲಿದೆ. ಗೀಟಿನ ಕೆಳಗಿನ ಅಕ್ಷರಗಳು ಓದಲು ಬರುತ್ತವೆ, ಓದಿದ್ದಕ್ಕೆ ಕ್ಷಮಿಸಿ. “ಹೋಗಿ ಸೋತರೆ ಎಲ್ಲರ ಮುಂದೆ ತಲೆ ಎತ್ತುವುದು ಹೇಗೆ?” ನೀವು ಬರೆದ ನಾಲ್ಕು ಕಾರಣಗಳಿಗಿಂತ ಇದೇ ಭಾರವಾದದ್ದೆಂದು ನನಗೆ ತೋರುತ್ತದೆ. ಇದಕ್ಕೆ, ಸೋಲುವುದಿಲ್ಲ ಹೋಗಿ ಎಂದು ಉತ್ತರಿಸುವುದು ಸುಲಭ, ಆದರೆ ಸುಳ್ಳು. ಮೋಶೆಯ ಮೊದಲ ಪ್ರಯತ್ನ ಸೋತೇಹೋಯಿತು. ಅವನು ಮಾತಾಡಿ ಬಂದ ದಿನವೇ ಫರೋಹನು ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡುವುದನ್ನು ನಿಲ್ಲಿಸಿ ಇಟ್ಟಿಗೆಯ ಲೆಕ್ಕವನ್ನು ಮಾತ್ರ ಹಾಗೆಯೇ ಉಳಿಸಿದನು. ಸ್ವಜನರೇ ಮೋಶೆಯನ್ನು ಶಪಿಸಿದರು. ಅವನು ದೇವರ ಬಳಿಗೆ ಹಿಂದಿರುಗಿ, ನನ್ನನ್ನು ಯಾಕೆ ಕಳುಹಿಸಿದೆ ಎಂದು ನೇರವಾಗಿ ಕೇಳಿದನು. 6ನೆಯ ಅಧ್ಯಾಯದಲ್ಲಿ ಆ ಮಾತು ಬಾರದ ಬಾಯಿಯ ನೆಪವನ್ನು ಎರಡು ಸಲ ಮತ್ತೆ ತೆಗೆಯುತ್ತಾನೆ. ಒಮ್ಮೆ ಗೆದ್ದ ಅಳುಕು ಮತ್ತೆ ಬಾರದೆಂದು ನಿಮಗೆ ನಾನು ಭರವಸೆ ಕೊಡಲಾರೆ. ಆದರೆ ಧರ್ಮೋಪದೇಶಕಾಂಡವನ್ನು ತೆರೆದು ನೋಡಿ: ಆ ಪುಸ್ತಕದ ಬಹುಭಾಗ, ನಾಲಿಗೆ ಮಂದವೆಂದವನು ಇಡೀ ಜನಾಂಗದ ಮುಂದೆ ನಿಂತು ಆಡಿದ ಮಾತು.

ನಿಮಗೆ ನಿಜವಾಗಿಯೂ ಕರೆ ಇದೆಯೇ ಎಂಬುದನ್ನು ನಾನು ತೀರ್ಮಾನಿಸುವುದಿಲ್ಲ, ನೀವೊಬ್ಬರೇ ತೀರ್ಮಾನಿಸುವುದೂ ಬೇಡ. ಬೇಸರದ ಕೆಲಸದಿಂದ ಪಾರಾಗುವ ಆಸೆಯೂ ಕೆಲವೊಮ್ಮೆ ಕರೆಯ ವೇಷ ಹಾಕಿಕೊಂಡು ಬರುವುದುಂಟು. ಅಂತಿಯೋಕ್ಯದಲ್ಲಿ ಪವಿತ್ರಾತ್ಮನು ಬಾರ್ನಬನನ್ನೂ ಸೌಲನನ್ನೂ (ಇವನೇ ಪೌಲ) ಪ್ರತ್ಯೇಕಿಸಿದ್ದು ಸಭೆಯವರು ಉಪವಾಸವಿದ್ದು ಆರಾಧಿಸುತ್ತಿದ್ದಾಗ. ಅವರ ಮೇಲೆ ಕೈಯಿಟ್ಟು ಕಳುಹಿಸಿದವರೂ ಆ ಸಭೆಯವರೇ. ಎಂಟು ವರ್ಷಗಳಲ್ಲಿ ನೀವು ಈ ವಿಷಯವನ್ನು ನಿಮ್ಮ ಸಭಾಪಾಲಕರಿಗೆ ಹೇಳಿದ್ದೀರೆಂದು ಪತ್ರದಲ್ಲಿ ಎಲ್ಲಿಯೂ ಇಲ್ಲ. ಪತ್ನಿಗೆ ಹೇಳಿದ್ದೀರೋ ಇಲ್ಲವೋ ತಿಳಿಯದು. ಮೊದಲು ಅವರಿಗೆ ಹೇಳಿ, ಆಮೇಲೆ ಸಭಾಪಾಲಕರಿಗೆ. ಅವರನ್ನು ಕೇಳಿ, ಭಾನುವಾರದ ಮಕ್ಕಳ ತರಗತಿಯನ್ನೋ, ರೋಗಿಗಳ ಮನೆಭೇಟಿಯನ್ನೋ ಒಂದು ವರ್ಷದ ಮಟ್ಟಿಗೆ ವಹಿಸಿಕೊಳ್ಳಿ. ಹತ್ತು ಮಕ್ಕಳ ಮುಂದೆ ತಡವರಿಸಿದರೆ ಯಾರೂ ನಗುವುದಿಲ್ಲ, ನಕ್ಕರೂ ಮುಂದಿನ ವಾರ ಮರೆತಿರುತ್ತಾರೆ.

ವರ್ಷ ಕಳೆದ ಮೇಲೆ ಮತ್ತೆ ಬರೆಯಿರಿ. ಆಗ ಯಾವ ಸಾಲನ್ನೂ ಹೊಡೆದುಹಾಕಬೇಡಿ.

ನಿಮ್ಮ ಸಹೋದರ,
ಸಂಪಾದಕ