ಮೊಣಕಾಲುದ್ದ ನೀರು ಕಾರನ್ನ ಎಳ್ಕೊಂಡು ಹೋಗುತ್ತಾ? ಒಂದು ಪತ್ರಕ್ಕೆ ಉತ್ತರ

ಹೋದ ಸಂಚಿಕೆಯ ದಿಢೀರ್ ಪ್ರವಾಹದ ಲೇಖನಕ್ಕೆ ಓದುಗರೊಬ್ಬರು ಉದ್ದದ ಪತ್ರ ಬರೆದಿದಾರೆ. ಪೂರ್ತಿ ಹಾಕೋಕೆ ಜಾಗ ಇಲ್ಲ, ಸಾರಾಂಶ ಹೇಳ್ತೀನಿ. ಮೊಣಕಾಲುದ್ದ ನೀರು ಕಾರನ್ನ ತಳ್ಕೊಂಡು ಹೋಗುತ್ತೆ ಅನ್ನೋದು ಉತ್ಪ್ರೇಕ್ಷೆ, ನಾನು ತುಂಬಿದ ಹೊಳೆಯಲ್ಲಿ ಈಜಿದವನು, ನನಗೆ ನೀರು ಗೊತ್ತು ಅಂತಾರೆ. ಆಮೇಲೆ, ಗಟ್ಟಿ ಪಿಲ್ಲರ್ ಹಾಕಿ ಕಟ್ಟಿದ ಮನೆಗೆ ಕೆಸರು ಏನೂ ಮಾಡಲ್ಲ, ಕೊಚ್ಚಿಹೋಗೋದೆಲ್ಲ ಕಳಪೆ ಕೆಲಸ ಅಂತಾರೆ. ಅಷ್ಟು ದೊಡ್ಡದು ಬರ್ತಿರೋವಾಗ ಜನ ಓಡೋದು ಬಿಟ್ಟು ನೋಡ್ತಾ ನಿಂತ್ರೆ ಅದು ಅವರ ತಪ್ಪಲ್ವಾ ಅನ್ನೋದು ಇನ್ನೊಂದು. ಕೊನೆಯಲ್ಲಿ ಒಂದು ಪ್ರಶ್ನೆ: ಕಣಿವೆ ಬಾಯಲ್ಲಿ ಅವರಿಗೊಂದು ಸಮತಟ್ಟಾದ ಜಾಗ ಸಿಗ್ತಿದೆಯಂತೆ, ತಗೋಬಹುದಾ ಅಂತ.

ಸರ್, ಮೊದಲು ಕಾರಿನ ಲೆಕ್ಕ ಮುಗಿಸಿಬಿಡೋಣ, ಅದು ಸುಲಭ. ಕಾರಿನ ತೂಕ 1500 ಕೆಜಿ ಇಟ್ಕೊಳ್ಳಿ. ತಳದ ಅಳತೆ ಹತ್ತಿರ ಹತ್ತಿರ 7 ಚದರ ಮೀಟರ್. ನೀರು ತಳಕ್ಕೆ ತಾಗಿದ್ಮೇಲೆ ಪ್ರತಿ 10 ಸೆಂಟಿಮೀಟರ್ ಏರಿದಾಗಲೂ ಸುಮಾರು 700 ಕೆಜಿಯಷ್ಟು ಮೇಲಕ್ಕೆ ಎತ್ತುತ್ತೆ, ಒಳಗೆ ನೀರು ನುಗ್ಗೋವರೆಗೂ ಕಾರು ಒಂದು ಮುಚ್ಚಿದ ಡಬ್ಬಿನೇ ತಾನೆ. ಅಂದ್ರೆ ತಳದಿಂದ ಒಂದು ಗೇಣಷ್ಟು ನೀರು ಏರಿದ್ರೆ ಸಾಕು, ಟೈರಿನ ಮೇಲೆ ಭಾರನೇ ಉಳಿದಿರಲ್ಲ, ಭಾರ ಇಲ್ಲದಿದ್ರೆ ಗ್ರಿಪ್ ಎಲ್ಲಿಂದ ಬರಬೇಕು. ಆಮೇಲೆ ಪಕ್ಕದಿಂದ ತಳ್ಳೋ ನೀರಿಗೆ ಏನೂ ಕಷ್ಟ ಇಲ್ಲ. ಅಮೆರಿಕದ ಹವಾಮಾನ ಇಲಾಖೆ ವರ್ಷಾನುಗಟ್ಟಲೆಯಿಂದ ಹೇಳ್ತಾ ಇರೋದೂ ಇದನ್ನೇ: ಜೋರಾಗಿ ಹರಿಯೋ 15 ಸೆಂಟಿಮೀಟರ್ ನೀರು ದೊಡ್ಡವರನ್ನೇ ಬೀಳಿಸಬಹುದು, 30 ಸೆಂಟಿಮೀಟರ್ ಸಣ್ಣ ಕಾರನ್ನ ಒಯ್ಯಬಹುದು, 60 ಸೆಂಟಿಮೀಟರ್ ಆದ್ರೆ ಹೆಚ್ಚುಕಮ್ಮಿ ಎಲ್ಲಾ ಗಾಡಿಗಳೂ ಹೋಗ್ತವೆ. ನೀವು ಈಜಿದ ಹೊಳೆ ಎಷ್ಟೇ ತುಂಬಿದ್ರೂ ಅದರಲ್ಲಿ ಕೈಕಾಲು ಆಡಿಸೋ ಆಳ ಇತ್ತು. ಪಾದ ಮುಳುಗೋಷ್ಟು ನೀರಲ್ಲಿ ಜಾರಿ ಬಿದ್ದವನಿಗೆ ಈಜು ಬಂದು ಏನು ಪ್ರಯೋಜನ, ಅವನು ಕಲ್ಲಿಗೆ ತಲೆ ಹೊಡೆಸ್ಕೊಂಡೇ ಹೋಗೋದು.

ಇನ್ನೊಂದು ವಿಷಯ ಜನಕ್ಕೆ ಹೊಳೆಯಲ್ಲ. ವೇಗ ಎರಡರಷ್ಟಾದ್ರೆ ಹೊಡೆತ ಎರಡರಷ್ಟಾಗಲ್ಲ, ನಾಲ್ಕರಷ್ಟಾಗತ್ತೆ. ಮೂರರಷ್ಟಾದ್ರೆ ಒಂಬತ್ತು. ನೀರು ಉರುಳಿಸಬಲ್ಲ ಕಲ್ಲಿನ ತೂಕ ಅಂತೂ ವೇಗದ ಆರನೇ ಘಾತದ ಹಾಗೆ ಏರತ್ತೆ ಅನ್ನೋದು ಹಳೇ ಸೂತ್ರ, ಅಂದ್ರೆ ವೇಗ ಡಬಲ್ ಆದ್ರೆ ಮೊದಲಿಗಿಂತ 64 ಪಟ್ಟು ಭಾರದ ಕಲ್ಲು ಕದಲಬಹುದು. ಅದಕ್ಕೇ ನಿನ್ನೆವರೆಗೂ ಜನ ಕೂತು ಮಾತಾಡ್ತಿದ್ದ ಬಂಡೆ ಇವತ್ತು ಬೆಳಿಗ್ಗೆ ಅಲ್ಲಿ ಇರಲ್ಲ.

ಇಷ್ಟು ಬರೀ ನೀರಿನ ಕಥೆ. ನಿಮ್ಮ ಪಿಲ್ಲರ್ ವಿಷಯಕ್ಕೆ ಬರೋದಾದ್ರೆ ಅಲ್ಲಿ ಬರೋದು ನೀರೇ ಅಲ್ಲ, ಮತ್ತೆ ನೀವು "ಕೆಸರು" ಅಂತ ಬರೆದಿರೋ ರೀತಿ ನೋಡಿದ್ರೆ ಮಳೆಗಾಲದ ರಸ್ತೆಯ ರಾಡಿ ನಿಮ್ಮ ತಲೆಯಲ್ಲಿದೆ ಅನ್ಸತ್ತೆ. ಡೆಬ್ರಿ ಫ್ಲೋ ಅಂತಾರಲ್ಲ, ಕಲ್ಲು ಮಣ್ಣು ಮರ ಎಲ್ಲಾ ಸೇರಿ ಹರಿದು ಬರೋದು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಘನ ವಸ್ತುವಿನದೇ, ನೀರು ಉಳಿದ ಸಂದಿಯಲ್ಲಿ ಮಾತ್ರ. ಮಿಕ್ಸರ್‌ನಿಂದ ಸುರಿಯೋ ಹಸಿ ಕಾಂಕ್ರೀಟ್ ನೋಡಿದೀರಲ್ಲ, ಹೆಚ್ಚುಕಮ್ಮಿ ಆ ಹದ, ಆದ್ರೆ ಅದರೊಳಗೆ ಜಲ್ಲಿಯ ಬದಲು ಬಂಡೆಗಳು, ವೇಗ ಎಷ್ಟೋ ಸಲ ಗಂಟೆಗೆ 50 ಕಿಲೋಮೀಟರ್ ದಾಟತ್ತೆ. ಒಂದು ಘನ ಮೀಟರ್ ನೀರು 1000 ಕೆಜಿ ಇದ್ರೆ ಇದು 2000 ಕೆಜಿ ಆಸುಪಾಸು.

ಈ ಸಾಂದ್ರತೆಯಲ್ಲೇ ಎಲ್ಲಾ ಇರೋದು. 10 ಟನ್ ತೂಗೋ ಬಂಡೆಯನ್ನ ನೀರಿಗೆ ಹಾಕಿದ್ರೆ ಅದು 6 ಟನ್ ಚಿಲ್ಲರೆ ತೂಗೋ ಹಾಗೆ ವರ್ತಿಸತ್ತೆ. ಅದೇ ಬಂಡೆ ಈ ಗಟ್ಟಿ ಹರಿವಿನಲ್ಲಿದ್ರೆ ಸುಮಾರು ಎರಡೂವರೆ ಟನ್, ಅಷ್ಟೆ. ಮುಕ್ಕಾಲು ತೂಕ ಹರಿವೇ ಹೊತ್ಕೊಂಡಿರತ್ತೆ. ಹಾಗಾಗಿ ಮನೆಯಷ್ಟು ದೊಡ್ಡ ಬಂಡೆ ಕೆಳಗಡೆ ಉರುಳ್ತಾ ಬರೋ ಬದಲು ಮೇಲುಗಡೆ ತೇಲಿದ ಹಾಗೆ ಬರತ್ತೆ, ಅದೂ ಎಲ್ಲಕ್ಕಿಂತ ಮುಂದೆ. ಹರಿಯೋವಾಗ ಸಣ್ಣ ಕಲ್ಲುಗಳು ಸಂದಿಯಲ್ಲಿ ಕೆಳಕ್ಕೆ ಇಳೀತಾ ಹೋಗ್ತವೆ, ದೊಡ್ಡವು ಮೇಲಕ್ಕೆ ಬರ್ತವೆ, ಮೇಲಿನ ಪದರ ಬೇಗ ಚಲಿಸೋದ್ರಿಂದ ಅವೇ ಮುಂತುದಿಗೆ ಸೇರ್ಕೊಳ್ತವೆ. ಮುಂದೆ ಬಂಡೆ ಮತ್ತೆ ಮರದ ದಿಮ್ಮಿಗಳ ಗೋಡೆ, ಹಿಂದೆ ಆ ಗೋಡೆಯನ್ನ ತಳ್ಳೋ ನೀರುನೀರಾದ ಕೆಸರು. ಇದನ್ನ ಸುಮ್ನೆ ಊಹೆ ಮಾಡಿ ಹೇಳಿದ್ದಲ್ಲ, ಅಮೆರಿಕದ ಭೂವಿಜ್ಞಾನ ಸಂಸ್ಥೆಯವರು ಒರೆಗಾನ್ ಕಾಡಿನಲ್ಲಿ 95 ಮೀಟರ್ ಉದ್ದದ ಕಾಂಕ್ರೀಟ್ ಜಾರುಗಾಲುವೆಯನ್ನೇ ಕಟ್ಕೊಂಡು 1990ರ ದಶಕದಿಂದ ಮಣ್ಣುಕಲ್ಲು ಸುರಿದು ಅಳೆದಿದಾರೆ. ಹರಿವಿನ ತಳದಲ್ಲಿ ಸಿಕ್ಕಿಹಾಕ್ಕೊಂಡ ನೀರಿನ ಒತ್ತಡ ಕಲ್ಲುಗಳ ಭಾರವನ್ನ ಹೆಚ್ಚುಕಮ್ಮಿ ತಾನೇ ಹೊರೋದ್ರಿಂದ ಘರ್ಷಣೆ ಕಮ್ಮಿಯಾಗಿ ಅಷ್ಟು ದೂರ ಓಡತ್ತೆ ಅನ್ನೋದು ಅಲ್ಲಿ ಚೆನ್ನಾಗಿ ಕಾಣಿಸಿದ ವಿಷಯ.

ಈಗ ನಿಮ್ಮ ಪಿಲ್ಲರ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರೋ ಇಂಥ ಹರಿವು ಗೋಡೆಗೆ ಬಡಿದ್ರೆ ಚದರ ಮೀಟರಿಗೆ ಕಮ್ಮಿ ಅಂದ್ರೂ 10 ಟನ್ ಒತ್ತಡ, ಇದು ಬಂಡೆ ಸೇರಿಸದೆ. ಪಿಲ್ಲರ್ ಮಧ್ಯೆ ತುಂಬಿಸಿದ ಇಟ್ಟಿಗೆ ಗೋಡೆ ಗಾಳಿ ತಡೆಯಕ್ಕೆ ಇರೋದು, ಅದು ಮೊದಲ ಏಟಿಗೇ ಹೋಗತ್ತೆ, ಕೆಳಗಿನ ಮಹಡಿ ಸೀಲಿಂಗ್‌ವರೆಗೂ ತುಂಬತ್ತೆ. ಆಮೇಲೆ ಬಂಡೆ. 2 ಮೀಟರ್ ಅಡ್ಡಳತೆಯ ಉರುಟು ಬಂಡೆ 11 ಟನ್ ತೂಗತ್ತೆ, ತುಂಬಿದ ಲಾರಿ ಥರ ಅಂದ್ಕೊಳ್ಳಿ, ಆದ್ರೆ ಲಾರಿಗೆ ಮುಂದೆ ನಜ್ಜುಗುಜ್ಜಾಗೋ ಬಾನೆಟ್ ಇರತ್ತೆ, ಬಂಡೆಗೆ ಅದೂ ಇಲ್ಲ, ಪೂರ್ತಿ ಏಟು ಪಿಲ್ಲರಿಗೇ. ಮೇಲಿನಿಂದ ಬರೋ ಭಾರ ಹೊರಕ್ಕೆ ಅಂತ ಮಾಡಿದ ಪಿಲ್ಲರ್ ಅಡ್ಡ ಏಟಿಗೆ ಮಧ್ಯದಲ್ಲಿ ಮುರಿದ್ರೆ ಆ ಮೂಲೆ ಪೂರ್ತಿ ಕುಸಿಯತ್ತೆ. 1999ರ ಡಿಸೆಂಬರ್‌ನಲ್ಲಿ ವೆನೆಜುವೆಲಾದ ವರ್ಗಾಸ್ ಕರಾವಳಿಯಲ್ಲಿ 3 ದಿನಕ್ಕೆ 900 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿದು ಕರಬಲ್ಯೇದ ಅನ್ನೋ ಊರಿನ ಮೇಲೆ ಕಲ್ಲು ಮಣ್ಣು ಇಳೀತಲ್ಲ, ಅಲ್ಲಿ ಹೋಗಿದ್ದು ಬರೀ ಶೆಡ್‌ಗಳಲ್ಲ, ಕಾಂಕ್ರೀಟಿನ ಬಹುಮಹಡಿ ಅಪಾರ್ಟ್‌ಮೆಂಟುಗಳೂ ಒಡೆದವು. ಬಂದು ಬಿದ್ದ ಬಂಡೆಗಳಲ್ಲಿ 10 ಮೀಟರ್ ಉದ್ದದವೂ ಇದ್ದವು. ಆ ಇಡೀ ಕರಾವಳಿಯಲ್ಲಿ ಸತ್ತವರ ಅಂದಾಜೇ 10 ಸಾವಿರದಿಂದ 30 ಸಾವಿರ, ಲೆಕ್ಕ ಸರಿಯಾಗಿ ಸಿಗದಷ್ಟು ಜನ ಸಮುದ್ರಕ್ಕೂ ಮಣ್ಣಿಗೂ ಹೋದ್ರು. ಕಳಪೆ ಕೆಲಸ ಇರ್ಲಿ, ನಾನೂ ಒಪ್ತೀನಿ ಎಲ್ಲಾ ಕಡೆ ಇದೆ, ಆದ್ರೆ ಒಳ್ಳೆ ಕೆಲಸವನ್ನೂ ಇದು ಬಿಡಲ್ಲ.

ಇನ್ನೂ ಒಂದು ಕೆಟ್ಟ ಗುಣ ಇದೆ ಇದಕ್ಕೆ, ಹೋಗ್ತಾ ಹೋಗ್ತಾ ಬೆಳೆಯತ್ತೆ. ಸಾಮಾನ್ಯ ಪ್ರವಾಹ ಬಯಲಿಗೆ ಇಳಿದ ಹಾಗೆ ಹರಡಿ ಸುಸ್ತಾಗತ್ತೆ, ಇದು ಕಡಿದಾದ ಹಳ್ಳದಲ್ಲಿ ಇಳಿಯೋವಾಗ ತಳ, ದಡ, ಮರ, ಸೇತುವೆ ಎಲ್ಲಾ ಕಿತ್ತು ತನ್ನೊಳಗೇ ಸೇರಿಸ್ಕೊಳ್ಳತ್ತೆ. 2024ರ ಜುಲೈ 30ರ ನಡುರಾತ್ರಿ ದಾಟಿದ ಮೇಲೆ ವಯನಾಡಿನ ಮುಂಡಕೈ, ಚೂರಲ್‌ಮಲ ಕಡೆ ಆಗಿದ್ದು ಅದೇ. ಗುಡ್ಡ ಬಿರುಕು ಬಿಟ್ಟಿದ್ದು ಸುಮಾರು 1550 ಮೀಟರ್ ಎತ್ತರದಲ್ಲಿ, ಇಸ್ರೋದ ಉಪಗ್ರಹ ಚಿತ್ರದಲ್ಲಿ ಅಳೆದಾಗ ಜಾರಿದ ಜಾಗ 86,000 ಚದರ ಮೀಟರ್, ಆದ್ರೆ ಕಲ್ಲುಮಣ್ಣು ಹೊಳೆ ಹಿಡಿದು ಓಡಿದ್ದು ಹತ್ತಿರ ಹತ್ತಿರ 8 ಕಿಲೋಮೀಟರ್. ಸತ್ತವರಲ್ಲಿ ಎಷ್ಟೋ ಜನರ ಮನೆಯಿಂದ ಆ ಗುಡ್ಡದ ತುದಿ ಬಹಳ ದೂರ ಇತ್ತು.

ಇಲ್ಲಿಗೆ ನಿಮ್ಮ ಮೂರನೇ ಮಾತು, ಜನ ಯಾಕೆ ಓಡಲ್ಲ ಅನ್ನೋದು. ನನಗೆ ಸಿಟ್ಟು ಬಂದಿದ್ದು ಇದಕ್ಕೇ ಸರ್, ಹೇಳಿಬಿಡ್ತೀನಿ. ಗಂಟೆಗೆ 40 ಕಿಲೋಮೀಟರ್ ವೇಗ ಅಂದ್ರೆ ಒಂದು ಕಿಲೋಮೀಟರ್ ದೂರದಲ್ಲಿ ಇದ್ದಿದ್ದು ಒಂದೂವರೆ ನಿಮಿಷಕ್ಕೆ ನಿಮ್ಮ ಬಾಗಿಲಲ್ಲಿ. ಅದರಲ್ಲಿ ಮೊದಲ ಅರ್ಧ ನಿಮಿಷ ಇದೇನು ಸದ್ದು ಅಂತ ಯೋಚನೆ ಮಾಡೋದ್ರಲ್ಲೇ ಹೋಗತ್ತೆ, ನಿಮಗೂ ಹೋಗತ್ತೆ, ನನಗೂ. ಮತ್ತೆ ಹೊತ್ತು ನೋಡಿ. ವಯನಾಡು ರಾತ್ರಿ. 2014ರ ಹಿರೋಶಿಮಾ ಭೂಕುಸಿತ ನಸುಕಿಗೂ ಮುಂಚೆ. 2018ರ ಜನವರಿ 9ರ ಕ್ಯಾಲಿಫೋರ್ನಿಯಾದ ಮಾಂಟೆಸಿಟೊ ಬೆಳಗಿನ ಜಾವ, ಅಲ್ಲಿ ಹಿಂದಿನ ತಿಂಗಳು ಕಾಡ್ಗಿಚ್ಚಿಗೆ ಬೆಟ್ಟ ಸುಟ್ಟು ಮಣ್ಣು ನೀರು ಹೀರೋದನ್ನೇ ನಿಲ್ಲಿಸಿತ್ತು, ಐದೇ ನಿಮಿಷದಲ್ಲಿ ಅರ್ಧ ಇಂಚು ಮಳೆ ಬಿದ್ದಿದ್ದು ಸಾಕಾಯ್ತು, 23 ಜನ ಹೋದ್ರು. ಯಾರ ಕೈಲೂ ಸೆಲ್ಫಿ ಇರಲಿಲ್ಲ, ಎಲ್ಲಾ ಹಾಸಿಗೆಯಲ್ಲಿದ್ರು.

ಹಗಲಾದ್ರೂ ಕಣ್ಣನ್ನ ನಂಬೋ ಹಾಗಿಲ್ಲ. 1997ರ ಆಗಸ್ಟ್‌ನಲ್ಲಿ ಅರಿಜೋನಾದ ಆಂಟಿಲೋಪ್ ಕಣಿವೆಯಲ್ಲಿ 11 ಪ್ರವಾಸಿಗರು ಕೊಚ್ಚಿ ಹೋದಾಗ ಮಳೆ ಬಿದ್ದಿದ್ದು ಮೇಲೆ ಎಲ್ಲೋ ಮೈಲಿಗಟ್ಟಲೆ ದೂರದಲ್ಲಿ. 2024ರ ಅಕ್ಟೋಬರ್ 29ರಂದು ಸ್ಪೇನಿನ ವಲೆನ್ಸಿಯಾ ಹತ್ತಿರದ ಪೈಪೋರ್ಟಾದಲ್ಲಿ ಮಳೆನೇ ಸರಿಯಾಗಿ ಬಿದ್ದಿರಲಿಲ್ಲ, ವರ್ಷದ ಬಹುಪಾಲು ಒಣಗಿರೋ ಹಳ್ಳದಲ್ಲಿ ಮೇಲಿನ ಬೆಟ್ಟದ ನೀರು ಬಂತು. ಮೊಬೈಲಿಗೆ ಎಚ್ಚರಿಕೆ ಬಂದಾಗ ರಾತ್ರಿ 8 ದಾಟಿತ್ತು, ಅಷ್ಟೊತ್ತಿಗೆ ಬೀದಿಗಳಲ್ಲಿ ನೀರು ತುಂಬಿ ಆಗಿತ್ತು, ಬೇಸ್‌ಮೆಂಟಿಂದ ಕಾರು ತೆಗೆಯೋಣ ಅಂತ ಇಳಿದವರೂ ಸತ್ತವರಲ್ಲಿ ಇದ್ರು. ಆ ಪ್ರದೇಶದಲ್ಲಿ ಒಟ್ಟು 220ಕ್ಕೂ ಹೆಚ್ಚು. 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಂತೂ ಮಳೆಯ ಮಾತೇ ಇಲ್ಲ, ಬಿಸಿಲಿನ ಚಳಿಗಾಲದ ಬೆಳಿಗ್ಗೆ ರೊಂಟಿ ಶಿಖರದಿಂದ ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತೆ ಹಿಮ ಕಳಚಿ ಬಿತ್ತು, ಬೀಳೋ ರಭಸದ ಶಾಖಕ್ಕೆ ಹಿಮ ಕರಗಿ ಅದೇ ನೀರಾಗಿ ಹರಿದು ಎರಡು ಜಲವಿದ್ಯುತ್ ಯೋಜನೆಗಳನ್ನ ಒರೆಸಿಹಾಕ್ತು. ಸುರಂಗದಲ್ಲಿ ಕೆಲಸ ಮಾಡ್ತಿದ್ದವರು ಆಕಾಶ ನೋಡ್ಕೊಂಡು ಏನು ತಿಳ್ಕೋಬೇಕಿತ್ತು ಹೇಳಿ.

ನಾನು ಹೇಳೋದು ಇಷ್ಟೇ, ಓಡೋ ಸಮಯ ಅದು ಕಣ್ಣಿಗೆ ಬಿದ್ದಾಗ ಅಲ್ಲ, ಅದಕ್ಕಿಂತ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಮುಂಚೆ, ಮತ್ತೆ ಆ ಟೈಮಲ್ಲಿ ಹೊರಡಿ ಅನ್ನೋ ಕೆಲಸ ಮನೆಯವರೊಬ್ಬರದ್ದೇ ಅಲ್ಲ. ಕೊಲಂಬಿಯಾದ ಅರ್ಮೇರೊ ನೋಡಿ. 1985ರ ನವೆಂಬರ್ 13ರ ರಾತ್ರಿ 9ರ ಸುಮಾರಿಗೆ ನೆವಾಡೊ ದೆಲ್ ರುಯಿಸ್ ಜ್ವಾಲಾಮುಖಿ ಸಿಡಿದು ತಲೆ ಮೇಲಿನ ಹಿಮದಲ್ಲಿ ಸ್ವಲ್ಪ ಭಾಗ ಕರಗ್ತು, ಆ ಕೆಸರು ಊರು ತಲುಪಿದ್ದು ರಾತ್ರಿ ಹನ್ನೊಂದೂವರೆಗೆ. ಎರಡು ಗಂಟೆಗಿಂತ ಜಾಸ್ತಿ ಟೈಮ್ ಇತ್ತು ಸರ್. ಅಪಾಯದ ಮ್ಯಾಪ್ ಹಿಂದಿನ ತಿಂಗಳೇ ತಯಾರಾಗಿತ್ತು. ಆದ್ರೂ ಬೂದಿ ಬೀಳ್ತಿದ್ದ ಸಂಜೆ ಜನಕ್ಕೆ ಸಿಕ್ಕ ಸಂದೇಶ ಗಾಬರಿ ಬೇಡ, ಮನೆಯೊಳಗೇ ಇರಿ ಅಂತ. ಒಟ್ಟು 23,000 ಜನ ಹತ್ತಿರ ಸತ್ರು. ಇದಕ್ಕೆ ಎದುರಾಗಿ 2025ರ ಮೇ 28ಕ್ಕೆ ಸ್ವಿಟ್ಜರ್ಲೆಂಡಿನ ಬ್ಲಾಟನ್ ಹಳ್ಳಿ ಮೇಲೆ ಹಿಮನದಿ ಮತ್ತೆ ಬಂಡೆ ಕುಸಿದು ಹಳ್ಳಿಯ ಬಹುಪಾಲು ಮುಚ್ಚಿಹೋಯ್ತು, ಸುಮಾರು 300 ಜನರನ್ನ ಒಂದು ವಾರಕ್ಕೂ ಮುಂಚೆನೇ ಖಾಲಿ ಮಾಡಿಸಿದ್ರು, ಹೋದ ಜೀವ ಒಂದೇ. ಮನೆಗಳು ಅಲ್ಲೂ ಗಟ್ಟಿ ಇದ್ವು, ಅವು ಉಳೀಲಿಲ್ಲ, ಜನ ಉಳಿದ್ರು.

ಹಾಗೂ ಸಿಕ್ಕಿಬಿದ್ರೆ ಏನು ಮಾಡೋದು ಅಂದ್ರೆ, ಹಳ್ಳದ ಉದ್ದಕ್ಕೆ ಕೆಳಕ್ಕೆ ಓಡ್ಬೇಡಿ, ಪಕ್ಕಕ್ಕೆ ಹತ್ತಿ. ಗಾಡಿ ಬಿಟ್ಟು ಹತ್ತಿ. 1976ರ ಜುಲೈ 31ಕ್ಕೆ ಕೊಲರಾಡೋದ ಬಿಗ್ ಥಾಂಪ್ಸನ್ ಕಣಿವೆಯಲ್ಲಿ 144 ಜನ ಸತ್ತ ಮೇಲೆ ಅಲ್ಲಿನ ಕಣಿವೆ ರಸ್ತೆಗಳಲ್ಲಿ ಪ್ರವಾಹ ಬಂದ್ರೆ ಮೇಲಕ್ಕೆ ಹತ್ತಿ ಅಂತ ಬೋರ್ಡೇ ಹಾಕಿದಾರೆ, ಯಾಕಂದ್ರೆ ಕಾರಿನಲ್ಲಿ ಅದನ್ನ ಹಿಂದಕ್ಕೆ ಹಾಕ್ತೀನಿ ಅಂತ ಹೊರಟವರು ತುಂಬಾ ಜನ. ಜೋರು ಮಳೆಯಲ್ಲಿ ಹಳ್ಳದ ನೀರು ಇದ್ದಕ್ಕಿದ್ದ ಹಾಗೆ ಕಮ್ಮಿಯಾದ್ರೆ ಸಮಾಧಾನ ಪಡಬೇಡಿ, ಮೇಲೆ ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ ಇರಬಹುದು. ನೀರು ಏಕಾಏಕಿ ರಾಡಿಯಾದ್ರೆ, ಮರ ಮುರಿಯೋ ಸದ್ದು, ಬಂಡೆ ಬಂಡೆ ಬಡಿಯೋ ಸದ್ದು, ನೆಲ ಅದುರೋದು, ಇವೆಲ್ಲಾ ಆದ್ರೆ ಆಗಲೇ ತಡ ಆಗಿದೆ ಅಂತ್ಲೇ ತಿಳ್ಕೊಂಡು ಹೊರಡಿ. ಒಂದು ಅಲೆ ಹೋದ್ಮೇಲೆ ಸಾಮಾನು ತರೋಕೆ ವಾಪಸ್ ಹೋಗ್ಬೇಡಿ, ಇದು ಅಲೆ ಅಲೆಯಾಗೇ ಬರೋದು.

ತಡೆಗೋಡೆ ಬಗ್ಗೆ ನೀವು ಕೇಳಿಲ್ಲ, ಆದ್ರೂ ಒಂದು ಮಾತು. ಜಪಾನಿನವರು ಸಾಬೊ ಅಂತ ಕರೆಯೋ ಅಡ್ಡಗಟ್ಟೆಗಳನ್ನ ಹಳ್ಳಗಳಲ್ಲಿ ಕಟ್ತಾರೆ, ಮಧ್ಯೆ ಸೀಳು ಬಿಟ್ಟಿರೋ ಥರದವೂ ಇವೆ, ನೀರು ದಾಟತ್ತೆ ಬಂಡೆ ನಿಲ್ಲತ್ತೆ. ಕೆಲಸ ಮಾಡತ್ತೆ, ಆದ್ರೆ ತುಂಬಿದ್ಮೇಲೆ ಖಾಲಿ ಮಾಡ್ಬೇಕು, ದುಡ್ಡು ಅಲ್ಲೇ ಖರ್ಚಾಗೋದು. ಕಟ್ಟಿ ಉದ್ಘಾಟನೆ ಮಾಡಿ ಮರೆತುಬಿಟ್ರೆ ಮುಂದಿನ ಸಲಕ್ಕೆ ಅದು ಬರೀ ಮೆಟ್ಟಿಲು.

ಇನ್ನು ನಿಮ್ಮ ಜಾಗ. ಕಣಿವೆ ಬಾಯಲ್ಲಿ ಬೀಸಣಿಗೆ ಆಕಾರಕ್ಕೆ ಹರಡಿರೋ, ಸ್ವಲ್ಪವೇ ಇಳಿಜಾರಿರೋ ಚಂದದ ನೆಲ ಅಂತ ಬರೆದಿದೀರಿ. ಸರ್, ಆ ನೆಲ ಅಲ್ಲಿಗೆ ಬಂದಿದ್ದೇ ಈ ದಾರಿಯಲ್ಲಿ ಇರಬಹುದು. ಹಳ್ಳ ಕಡಿದಾದ ಜಾಗದಿಂದ ಹೊರಗೆ ಬಂದು ಹರಡಿದಾಗ ತಂದಿದ್ದನ್ನೆಲ್ಲಾ ಅಲ್ಲಿ ಬಿಡತ್ತೆ, ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ. ಕರಬಲ್ಯೇದ ಇದ್ದಿದ್ದು ಅಂಥ ನೆಲದ ಮೇಲೇ, ಅರ್ಮೇರೊ ಇದ್ದಿದ್ದು 1595 ಮತ್ತೆ 1845ರ ಕೆಸರಿನ ಮೇಲೆ. ಹಳ್ಳ ಈಗ ನಿಮ್ಮ ಜಾಗದಿಂದ ಇನ್ನೂರು ಮೀಟರ್ ಆಚೆ ಇದೆ ಅನ್ನೋದಕ್ಕೆ ಅಷ್ಟೇನೂ ಬೆಲೆ ಇಲ್ಲ. ಅಡ್ವಾನ್ಸ್ ಕೊಡೋಕೆ ಮುಂಚೆ ಎರಡು ಮೀಟರ್ ಗುಂಡಿ ತೋಡಿಸಿ ಗೋಡೆ ನೋಡಿ. ಮರಳು, ಜಲ್ಲಿ ಪದರ ಪದರವಾಗಿ ಇದ್ರೆ ನೀರು ತಂದು ಹಾಕಿದ್ದು. ಪದರನೇ ಇಲ್ಲದೆ ಜೇಡಿ, ಮರಳು, ಮೂಲೆ ಸವೆಯದ ದೊಡ್ಡ ಕಲ್ಲು ಎಲ್ಲಾ ಕಲಸಿದ ಹಾಗೆ ಇದ್ರೆ, ಅದರ ಮೇಲೆ ಮಣ್ಣಾಗಿ ಹುಲ್ಲು ಬೆಳೆದಿದ್ರೆ, ಅದು ಡೆಬ್ರಿ ಫ್ಲೋ ಬಿಟ್ಟುಹೋಗಿದ್ದು ಇರಬಹುದು, ಒಬ್ಬ ಭೂವಿಜ್ಞಾನಿಯನ್ನ ಕರ್ಕೊಂಡು ಹೋಗಿ ತೋರಿಸಿ, ಹಾಗೇ ಹಳ್ಳದ ಮೇಲ್ಭಾಗಕ್ಕೂ ಒಂದು ಸಲ ಹತ್ತಿಸಿ, ಅಲ್ಲಿ ಸಡಿಲ ಮಣ್ಣು ಎಷ್ಟಿದೆ ಅಂತ ಅವರೇ ಹೇಳ್ತಾರೆ. ಮಾರೋರು ಗುಂಡಿ ತೋಡಕ್ಕೆ ಬಿಡಲ್ಲ ಅಂದ್ರೆ ಆ ಜಾಗ ಬಿಟ್ಟುಬಿಡಿ.