ಚಾರ್ಜ್ ಎಂದರೆ ಹೊರೆ

ಪ್ರಶ್ನೆ: ಜಮೀನಿನ ಮೇಲೆ ಸಾಲ ತೆಗೆದಿದ್ದೇನೆ. ಬ್ಯಾಂಕಿನ ಇಂಗ್ಲಿಷ್ ಪತ್ರದಲ್ಲಿ ಒಂದು ಕಡೆ ‘ಪ್ರೊಸೆಸಿಂಗ್ ಚಾರ್ಜ್’, ಇನ್ನೊಂದು ಕಡೆ ‘ಚಾರ್ಜ್ ಆನ್ ದ ಲ್ಯಾಂಡ್’ ಎಂದಿದೆ. ಎರಡನ್ನೂ ಕಟ್ಟಬೇಕೆ? ಮೊಬೈಲಿಗೂ ಚಾರ್ಜ್, ಲಾಠಿಗೂ ಚಾರ್ಜ್, ಇದೇನು ಪದ?
– ಓದುಗರು, ಮದ್ದೂರು

ಉತ್ತರ: ಮೊದಲನೆಯದು ಶುಲ್ಕ, ಕಟ್ಟಬೇಕು. ಎರಡನೆಯದು ಶುಲ್ಕವಲ್ಲ, ಋಣಭಾರ. ಸಾಲ ತೀರುವವರೆಗೆ ಆ ಜಮೀನು ಸಾಲಕ್ಕೆ ಭದ್ರತೆ ಎಂದರ್ಥ. ಪಹಣಿಯ ಋಣಗಳ ಕಾಲಂನಲ್ಲಿ ಬ್ಯಾಂಕಿನ ಹೆಸರು ಬರುವುದು ಇದಕ್ಕೇ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 100ನೇ ಕಲಂ ಇದನ್ನು ಅಡಮಾನದಿಂದ ಬೇರೆ ಇಟ್ಟಿದೆ.

ಜನ ಎಡವುವುದು ಸಾಲ ತೀರಿದ ಮೇಲೆ. ಬೇಬಾಕಿ ಪತ್ರ ಕೈಗೆ ಬಂತೆಂದು ಸುಮ್ಮನಾಗಬೇಡಿ. ಅದನ್ನು ಕೊಟ್ಟು ಪಹಣಿಯಲ್ಲಿನ ಋಣ ತೆಗೆಸಿ, ಹೊಸ ಪಹಣಿ ಪಡೆದು ಕಣ್ಣಾರೆ ನೋಡಿ. ಇ.ಸಿ.ಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ, ಆದ್ದರಿಂದ ಜಮೀನು ಕೊಳ್ಳುವವರು ಪಹಣಿ, ಇ.ಸಿ. ಎರಡನ್ನೂ ನೋಡಲೇಬೇಕು.

ಇನ್ನು ಪದದ ವಿಷಯ. ಲ್ಯಾಟಿನ್‌ನಲ್ಲಿ ‘ಕಾರುಸ್’ ಎಂದರೆ ಗಾಡಿ. ಗಾಡಿಗೆ ಸರಕು ಹೇರುವ ಕ್ರಿಯೆಯ ಹೆಸರು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರು, ಕಾರ್ಗೋ ಎರಡೂ ಇದರ ದಾಯಾದಿಗಳೇ. ಕಬ್ಬು ಹೇರಿದ ಗಾಡಿಯನ್ನು ನೆನೆದುಕೊಂಡರೆ ಬಹುತೇಕ ಅರ್ಥಗಳು ಬಿಡಿಸಿಕೊಳ್ಳುತ್ತವೆ. ಗ್ರಾಹಕನ ಮೇಲೆ ಹೇರಿದ್ದು ಶುಲ್ಕ. ನೌಕರನ ಹೆಗಲಿಗೆ ಹೇರಿದ್ದು ಇನ್‌ಚಾರ್ಜ್, ನಮ್ಮ ಕಚೇರಿಗಳ ಮಾತಿನಲ್ಲಿ ‘ಪ್ರಭಾರ’. ಅಲ್ಲೂ ಭಾರವೇ ಇದೆ. ಕೋರ್ಟಿನ ಚಾರ್ಜ್ ‘ಆರೋಪ’. ಸಂಸ್ಕೃತದ ಆ ಪದದ ಮೂಲಾರ್ಥವೂ ಮೇಲೇರಿಸುವುದು! ಇಷ್ಟು ದೂರದ ಎರಡು ಭಾಷೆಗಳು ಒಂದೇ ಹಾದಿ ಹಿಡಿದದ್ದು ನಿಜಕ್ಕೂ ಬೆರಗು.

ಮೊಬೈಲಿನ ಚಾರ್ಜ್ ಬಂದದ್ದು ಫಿರಂಗಿಯಿಂದ. ಒಂದು ಸಲ ಸಿಡಿಸಲು ನಳಿಗೆಗೆ ತುಂಬುವ ಮದ್ದಿನ ಪ್ರಮಾಣಕ್ಕೆ ಚಾರ್ಜ್ ಎನ್ನುತ್ತಿದ್ದರು. 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಗಾಜಿನ ಜಾಡಿಯಲ್ಲಿ ವಿದ್ಯುತ್ ತುಂಬುವುದಕ್ಕೂ ಇದೇ ಪದ ಬಳಸಿದರು. ‘ಬ್ಯಾಟರಿ’ಯೂ ಮೊದಲು ಫಿರಂಗಿಗಳ ಸಾಲಿನ ಹೆಸರೇ.

ಮೈಮೇಲೆ ನುಗ್ಗಿ ಬೀಳುವುದು ಕೊನೆಯ ಅರ್ಥ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ನಗರಕ್ಕಾಗಿ ನಡೆದ ಕಾಳಗದಲ್ಲಿ ಜೋಧಪುರದ ಪಡೆಯ ಜೊತೆ ಮೈಸೂರು ಲ್ಯಾನ್ಸರ್ಸ್ ಕುದುರೆಯೇರಿ ಮಾಡಿದ್ದು ಅಂಥ ಚಾರ್ಜ್. ಲಾಠಿ ಚಾರ್ಜ್ ಇದೇ ಸಾಲಿನದು.

ಪ್ರಶ್ನೆ: ‘ಇನ್ ಚಾರ್ಜ್ ಆಫ್’, ‘ಇನ್ ದ ಚಾರ್ಜ್ ಆಫ್’ ಒಂದೇನಾ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ತದ್ವಿರುದ್ಧ. ‘ನರ್ಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಎಂದರೆ ಮಗುವಿನ ಹೊಣೆ ನರ್ಸಿನದು. ಅದನ್ನೇ ಮಗುವಿನ ಕಡೆಯಿಂದ ಹೇಳುವಾಗ ‘ಚೈಲ್ಡ್ ಇನ್ ದ ಚಾರ್ಜ್ ಆಫ್ ದ ನರ್ಸ್’. ಇಲ್ಲಿ ‘ದ’ ಬಿಟ್ಟರೆ ನರ್ಸನ್ನು ಮಗುವೇ ನೋಡಿಕೊಂಡಂತಾಗುತ್ತದೆ! ‘ಚಾರ್ಜ್ಡ್ ವಿತ್’ ಕಂಡಾಗಲೂ ಮುಂದಿನ ಪದ ನೋಡಿ: ಕಳ್ಳತನದಂಥ ಅಪರಾಧವಿದ್ದರೆ ಆರೋಪ, ಕೆಲಸವಿದ್ದರೆ ಹೊಣೆ.